ಗೀಚಿದ ಕಾರ್ಡಿಗೆ ಜಾಸ್ತಿ ರೇಟು

ಕ್ರಿಕೆಟ್ ಕಾರ್ಡು ಕೂಡಿಡುವ ಹುಡುಗನನ್ನು ಕಂಡರೆ ಜನ ನಗುತ್ತಾರೆ. ಅದೇ ಕೆಲಸವನ್ನು ನಲವತ್ತು ದಾಟಿದವನು ಮಾಡಿದರೆ ಹೆಂಡತಿಯ ತವರಿನವರು ಅವಳನ್ನು ಅಡುಗೆಮನೆಗೆ ಕರೆದು, ‘ಆಫೀಸಲ್ಲಿ ಏನಾದ್ರೂ ತೊಂದರೆನಾ?’ ಅಂತ ಮೆಲ್ಲಗೆ ವಿಚಾರಿಸುತ್ತಾರೆ. ನನ್ನ ವಿಷಯದಲ್ಲಿ ವಿಚಾರಿಸಿಯಾಗಿದೆ. ‘ಚಿಕ್ಕಂದಿನಿಂದ ಹೀಗೇ ಅಂತೆ’ ಅಂತ ಇವಳು ಸಮಾಧಾನ ಹೇಳಿದಳು. ನನ್ನ ತಕರಾರು ಇರುವುದು ಆ ‘ಹೀಗೇ’ ಬಗ್ಗೆ. ಆಗ ಕೂಡಿಟ್ಟ ನಾನೂ ಈಗ ಕೂಡಿಡುವ ನಾನೂ ಎದುರುಬದುರು ಕೂತರೆ ಒಂದು ಕಾರ್ಡೂ ಅದಲುಬದಲಾಗದೆ ಜಗಳವೇ ಆದೀತು.

1987. ಶಿವಮೊಗ್ಗ. ಭಾರತ, ಪಾಕಿಸ್ತಾನ ಸೇರಿ ರಿಲಯನ್ಸ್ ವಿಶ್ವಕಪ್ ನಡೆಸಿದ ವರ್ಷ. ಬಿಗ್ ಫನ್ ಬಬಲ್ ಗಮ್ ಜೊತೆ ಆಟಗಾರರ ಚಿತ್ರ ಬರುತ್ತಿತ್ತು. ಚಿತ್ರದ ಜೊತೆ ಇಷ್ಟು ರನ್ನು ಅಥವಾ ವಿಕೆಟ್ಟು. ಅವರು ಹೇಳಿದಷ್ಟು ಕೂಡಿಸಿ ಕೊಟ್ಟರೆ ಒಂದು ಪುಟ್ಟ ಪುಸ್ತಕ. ಹೆಬ್ಬೆರಳಲ್ಲಿ ಹಾಳೆಗಳನ್ನು ಸರ್ರನೆ ಬಿಟ್ಟರೆ ಒಳಗಿನ ಆಟಗಾರ ಆಡುತ್ತಿದ್ದ. ಚಿತ್ರದಲ್ಲಿ ಯಾರಿದ್ದಾರೆ ಅನ್ನೋದು ಆಗ ಲೆಕ್ಕಕ್ಕೇ ಇರಲಿಲ್ಲ. ಗವಾಸ್ಕರ್ ಬಂದು ಒಂದೇ ರನ್ ಕೊಟ್ಟರೆ ಗವಾಸ್ಕರ್‌ಗೆ ಬೈಗುಳ. ಹೆಸರೇ ಕೇಳಿರದ ಯಾರೋ ಆರು ರನ್ ತಂದರೆ ಅವನೇ ದೇವರು. ಬೇಗ ಶತಕ ಆಗಲಿ ಅಂತ ಮೂರು ಮೂರು ಗಮ್ ಒಟ್ಟಿಗೆ ಅಗಿದು, ಊದಿದ ಗುಳ್ಳೆ ಪಕ್ಕದಲ್ಲಿ ಕೂತಿದ್ದ ಅಕ್ಕನ ಜಡೆ ಮೇಲೆ ಒಡೆಯಿತು. ಸೀಮೆಎಣ್ಣೆ ಹಚ್ಚಿ ನೋಡಿದರು, ಕೊಬ್ಬರಿ ಎಣ್ಣೆ ಹಚ್ಚಿ ನೋಡಿದರು, ಕೊನೆಗೆ ಕತ್ತರಿ ಬಂತು. ಅಕ್ಕ ಈಗಲೂ ಬಬಲ್ ಗಮ್ ಮಾರುವ ಅಂಗಡಿ ಕಡೆ ತಿರುಗಿ ನೋಡುವುದಿಲ್ಲ.

ಆಮೇಲೆ ಟ್ರಂಪ್ ಕಾರ್ಡಿನ ಕಾಲ. ಇಲ್ಲಿ ಪ್ರತಿ ಆಟಗಾರನ ಕೆಳಗೆ ಅಂಕಿ ಅಂಶ. ಪಂದ್ಯ, ರನ್ನು, ಸೆಂಚುರಿ, ವಿಕೆಟ್ಟು. ಒಬ್ಬ ಒಂದು ಬಾಬತ್ತು ಕೂಗಬೇಕು, ಯಾರ ಕೈಯಲ್ಲಿ ದೊಡ್ಡ ಅಂಕಿ ಇದೆಯೋ ಅವನಿಗೆ ಎಲ್ಲ ಕಾರ್ಡು. ಕುಸ್ತಿಯವರ ಡಬ್ಲ್ಯೂಡಬ್ಲ್ಯೂಎಫ್ ಕಾರ್ಡಲ್ಲಿ ಎದೆ, ತೋಳು, ತೂಕ. ತೂಕ ಅಂತ ಕೂಗಿದವನ ಕೈಯಲ್ಲಿ ಯೋಕೊಝುನಾ ಇದ್ದರೆ ಉಳಿದವರು ಸುಮ್ನೆ ಕಾರ್ಡು ಕೆಳಗಿಡುತ್ತಿದ್ದರು. ಒಳ್ಳೆ ಕಾರ್ಡಿನ ಮೂಲೆಯನ್ನು ಉಗುರಲ್ಲಿ ಚೂರು ಮಡಚಿಡುವುದು ನಮ್ಮ ಬೀದಿಯ ಪದ್ಧತಿ. ಯಾರ ಕೈಗೆ ಹೋಗಿದೆ ಅಂತ ಹಿಂದಿನಿಂದಲೇ ತಿಳಿಯಲಿ ಅಂತ. ಎಲ್ಲರೂ ಎಲ್ಲ ಒಳ್ಳೆ ಕಾರ್ಡಿನ ಮೂಲೆ ಮಡಚಿದ ಮೇಲೆ ಮೊದಲಿನ ಹಾಗೇ ಯಾರಿಗೂ ಏನೂ ತಿಳಿಯದಂತಾಯಿತು. ಆಟ ಪ್ರಾಮಾಣಿಕವಾಗಿ ಮುಂದುವರಿಯಿತು.

ಹೀಗೆ ಮೂಲೆ ಮಡಚಿಕೊಂಡು ಬೆಳೆದವನು ಬೆಂಗಳೂರಲ್ಲಿ ಕೆಲಸ ಸಿಕ್ಕ ಮೇಲೆ ಭೂತಗನ್ನಡಿ ಹಿಡಿದು ಮೂಲೆ ನೋಡತೊಡಗಿದೆ. ಕೈಯಲ್ಲಿ ದುಡ್ಡು ಬಂದರೆ ಕಾರ್ಡಲ್ಲಿ ಯಾರಿದ್ದಾರೆ ಅನ್ನೋದಕ್ಕಿಂತ ಕಾರ್ಡು ಹೇಗಿದೆ ಅನ್ನೋದು ಮುಖ್ಯವಾಗಿಬಿಡುತ್ತೆ. ಅಮೆರಿಕದಲ್ಲಿ ಕಾರ್ಡಿಗೆ ಮಾರ್ಕ್ಸ್ ಕೊಡುವ ಕಂಪನಿಗಳೇ ಇವೆ. ಮೂಲೆ, ಅಂಚು, ಮೇಲ್ಮೈ, ಚಿತ್ರ ಸರಿಯಾಗಿ ನಡುವಿಗೆ ಬಂದಿದೆಯಾ, ಎಲ್ಲ ನೋಡಿ ಹತ್ತಕ್ಕೆ ಇಷ್ಟು ಅಂತ. ನಾನೂ ಪ್ಲಾಸ್ಟಿಕ್ ಕವರು, ಅದರ ಮೇಲೆ ಗಟ್ಟಿ ಕವರು, ಡಬ್ಬಿ, ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ, ಎಲ್ಲ ತಂದೆ. ಕಾರ್ಡು ಹೊರಗೆ ತೆಗೆದಾಗ ಫ್ಯಾನ್ ಆಫ್. ಏಪ್ರಿಲ್‌ನಲ್ಲೂ ಆಫ್. ನೆಂಟರು ಬರುವುದು ಕಡಿಮೆಯಾಗಲು ಇದೇ ಕಾರಣ ಅಂತ ಇವಳ ವಾದ. ನಾನು ಅದನ್ನು ತೊಂದರೆ ಅಂದುಕೊಂಡಿಲ್ಲ.

ಊರಿಗೆ ಹೋದಾಗ ಅಮ್ಮನಿಗೆ ಕಾರ್ಡಿನ ಮಹತ್ವ ವಿವರಿಸಲು ಹೋದೆ. ಅಮೆರಿಕದಲ್ಲಿ ಕಾರ್ಡು ಅಚ್ಚು ಹಾಕುವ ಟಾಪ್ಸ್ ಕಂಪನಿಯ ಸೈ ಬರ್ಗರ್ ಅನ್ನುವವರು, ಮಾರಾಟವಾಗದೆ ಉಳಿದ 1952ರ ಬೇಸ್‌ಬಾಲ್ ಕಾರ್ಡುಗಳನ್ನು 1960ರಲ್ಲಿ ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದ್ದಾಗಿ ಹೇಳಿಕೊಂಡಿದ್ದರು. ಅದೇ ಸೆಟ್ಟಿನ, ಮಿಕಿ ಮ್ಯಾಂಟಲ್ ಅನ್ನುವ ಆಟಗಾರನ ಕಾರ್ಡೊಂದು, ಹತ್ತಕ್ಕೆ 9.5 ಮಾರ್ಕ್ಸ್ ಪಡೆದದ್ದು, 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು. ನಮ್ಮ ಲೆಕ್ಕದಲ್ಲಿ ನೂರು ಕೋಟಿ ರೂಪಾಯಿಯ ಆಸುಪಾಸು. ಅಮ್ಮ ಸೊಪ್ಪು ಬಿಡಿಸುತ್ತಾ ಪೂರ್ತಿ ಕೇಳಿದರು. ‘ಹಾಗಿದ್ರೆ ನೀನೂ ಒಂದಷ್ಟು ತಗೊಂಡೋಗಿ ತುಂಗೆಗೆ ಹಾಕು, ಉಳಿದಿದ್ದಕ್ಕೆ ರೇಟು ಬರುತ್ತೆ’ ಅಂದರು. ಅರ್ಥಶಾಸ್ತ್ರದ ಪ್ರಕಾರ ತಪ್ಪೇನಿಲ್ಲ. ಆಮೇಲೆ ನೋಡಿದರೆ ನನ್ನ ಬಾಲ್ಯದ ಕಪಿಲ್ ದೇವ್ ನಾಲ್ಕು ಮಡಿಕೆಯಾಗಿ ಮಿಕ್ಸಿ ಇಡುವ ಮೇಜಿನ ಕಾಲಡಿ ಇದ್ದರು. ತೆಗೆದೆ. ಮಿಕ್ಸಿ ಕುಣಿಯತೊಡಗಿತು. ಮತ್ತೆ ಅಲ್ಲೇ ಇಟ್ಟೆ. ಆಲ್‌ರೌಂಡರ್ ಅಲ್ವಾ.

ಆ ಹುಚ್ಚು ಹೆಚ್ಚಾಗಿದ್ದಾಗಲೇ ಇಂಗ್ಲೆಂಡಿನ ಹಳೇ ಕಾರ್ಡುಗಳ ಮೇಲೆ ಕಣ್ಣು ಬಿತ್ತು. ಸಿಗರೇಟ್ ಪ್ಯಾಕು ಬಾಗದಿರಲಿ ಅಂತ ಒಳಗೆ ಇಡುತ್ತಿದ್ದ ರಟ್ಟಿನ ಮೇಲೆ ಚಿತ್ರ ಅಚ್ಚು ಹಾಕಿ ಶುರುವಾದ ಕಾರ್ಡುಗಳು ಅವು. 1934ರಲ್ಲಿ ಜಾನ್ ಪ್ಲೇಯರ್ ಕಂಪನಿ ತಂದ ಕ್ರಿಕೆಟಿಗರ ಸೆಟ್ಟಿನಲ್ಲಿ 50 ಕಾರ್ಡು, ಬ್ರಾಡ್ಮನ್ ಸಹಿತ. ಆಗ ರಾಶಿಗಟ್ಟಲೆ ಅಚ್ಚಾಗಿದ್ದರಿಂದ ಈಗಲೂ ಅಂಥ ದುಬಾರಿಯಲ್ಲ. ತರಿಸಿದೆ. ಕಳಿಸಿದವನು ಪಾಪ ಪ್ರಾಮಾಣಿಕ, ಪಾರ್ಸೆಲ್ ಮೇಲೆ ‘ಹಳೇ ಸಿಗರೇಟ್ ಕಾರ್ಡು’ ಅಂತ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆದಿದ್ದ. ಬಾಗಿಲು ತೆಗೆದು ತಗೊಂಡವರು ನಮ್ಮ ಮಾವ. ಅವರು ಮೊದಲೆರಡು ಶಬ್ದ ಓದಿ ನಿಲ್ಲಿಸಿದರು. ಸಂಜೆ ಮನೆಗೆ ಬಂದಾಗ ಅತ್ತೆ, ಮಾವ, ಭಾವಮೈದ ಸಾಲಾಗಿ ಸೋಫಾದಲ್ಲಿ ಕೂತಿದ್ದರು. ಪಾರ್ಸೆಲ್ ಟೀಪಾಯಿ ಮೇಲೆ. ಬಿಚ್ಚಿ ಬ್ರಾಡ್ಮನ್ ತೋರಿಸಿದೆ. ಮಾವ ಕನ್ನಡಕ ಏರಿಸಿ ಹಿಂದೆ ಮುಂದೆ ನೋಡಿದರು. ‘ಸಿಗರೇಟೇ ಆಗಿದ್ರೆ ಬಿಡಿಸಬಹುದಿತ್ತು’ ಅಂದರು.

ಈಗ ಅದೂ ದಾಟಿಯಾಗಿದೆ. ಹತ್ತಕ್ಕೆ ಹತ್ತು ಮಾರ್ಕ್ಸಿನ ಕಾರ್ಡು ಕಂಡರೆ ಆಕಳಿಕೆ ಬರುತ್ತೆ. ಯಾರೂ ಆಡದೆ, ಯಾರ ಜೇಬಲ್ಲೂ ಇರದೆ ಉಳಿದದ್ದು ಅದು. ಈಗ ನನಗೆ ಬೇಕಾದವರು ಆಗ ಬೇಡವಾಗಿದ್ದವರು. ನಮ್ಮ ಸ್ಪಿನ್ ಬೌಲರ್ ಬಿ.ಎಸ್. ಚಂದ್ರಶೇಖರ್ ಅವರನ್ನೇ ನೋಡಿ. 58 ಟೆಸ್ಟ್, 242 ವಿಕೆಟ್, 167 ರನ್. ರನ್ನಿಗಿಂತ ವಿಕೆಟ್ಟೇ ಜಾಸ್ತಿ! ಟ್ರಂಪ್ ಆಟದಲ್ಲಿ ‘ರನ್’ ಅಂತ ಯಾರಾದರೂ ಕೂಗಿದರೆ ಗೋವಿಂದ. ಆದರೆ 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು, ಇಂಗ್ಲೆಂಡಿನಲ್ಲಿ ಮೊದಲ ಸಲ ಸರಣಿ ಗೆಲ್ಲಿಸಿದ ಕೈ ಅದು. ಅವರ ಚಿತ್ರ ಎಷ್ಟು ಮಾಸಿದ್ದರೂ ತಗೊಳ್ಳುತ್ತೇನೆ.

ಅದಕ್ಕಿಂತಲೂ ಇಷ್ಟ ಹಿಂದೆ ಗೀಚಿದ ಕಾರ್ಡುಗಳು. ಬೆಂಗಳೂರಿನ ಸಂಡೇ ಬಜಾರಲ್ಲಿ ಒಂದು ಸಿಕ್ಕಿತ್ತು. ಹಿಂದೆ ನೀಲಿ ಇಂಕಿನಲ್ಲಿ ಹುಡುಗನ ಹೆಸರು, ‘4ನೇ ಬಿ’, ಕೆಳಗೆ ‘ಕದ್ದವನ ಕೈ ಬಿದ್ದು ಹೋಗಲಿ’. ಮಾರ್ಕ್ಸ್ ಕೊಡುವವರ ಲೆಕ್ಕದಲ್ಲಿ ಇದು ಕಸ. ನಾನು ಎರಡನೇ ಮಾತಾಡದೆ ಕೇಳಿದಷ್ಟು ಕೊಟ್ಟೆ. ವ್ಯಾಪಾರಿ ನೋಟು ಜೇಬಿಗಿಟ್ಟು ನನ್ನ ಮುಖವನ್ನೇ ನೋಡಿದ. ‘ಗೀಚಿದ್ದೇ ಬೇಕಾ ಸಾರ್?’ ಅಂದ. ‘ಹೂಂ, ಇದ್ರೆ ಎತ್ತಿಡಿ’ ಅಂದೆ.

ಮುಂದಿನ ಸಲ ಹೋದಾಗ ಒಂದು ಕಟ್ಟು ಎತ್ತಿಟ್ಟಿದ್ದ. ಎಲ್ಲದರ ಮೇಲೂ ಒಂದೇ ಕೈಬರಹ, ಬೇರೆ ಬೇರೆ ಹೆಸರು, ಹೊಳೆಯುವ ಜೆಲ್ ಪೆನ್ನು. ಎಲ್ಲರ ಕೈಯೂ ಬಿದ್ದು ಹೋಗಬೇಕಿತ್ತು. ಒಂದರ ಮೇಲಂತೂ ‘1989, 4ನೇ ಬಿ’ ಅಂತ ಇಸವಿ ಸಮೇತ ಇತ್ತು. ತಿರುಗಿಸಿ ನೋಡಿದೆ. ಧೋನಿ.

‘ಇದು ತುಂಬಾ ಹಳೇದು ಸಾರ್, ಇಪ್ಪತ್ತು ರೂಪಾಯಿ ಜಾಸ್ತಿ ಆಗುತ್ತೆ’ ಅಂದ.

ಕೊಟ್ಟೆ.