718 ಅಂಕದ ಪವಾಡ

ಸಂಭವನೀಯತೆಯ ಮೊದಲ ನಿಯಮ ಬಹಳ ಸುಲಭ. ಯಾವುದೇ ಘಟನೆಯ ಸಂಭವನೀಯತೆ 0ಕ್ಕಿಂತ ಕಡಿಮೆ ಇರಲ್ಲ, 1ಕ್ಕಿಂತ ಜಾಸ್ತಿ ಇರಲ್ಲ. 0 ಅಂದರೆ ಆಗುವುದೇ ಇಲ್ಲ. ಪಿಯುಸಿ ಮಕ್ಕಳು ಇದನ್ನು ನಂಬಿಕೊಂಡು ಆರಾಮಾಗಿದ್ದರು. 2024ರ ಜೂನ್ 4ರಂದು, ದೇಶವೆಲ್ಲ ಲೋಕಸಭೆಯ ಮತ ಎಣಿಕೆ ನೋಡುತ್ತಾ ಟಿವಿ ಮುಂದೆ ಕೂತಿದ್ದಾಗ, ವೈದ್ಯಕೀಯ ಸೀಟಿನ ಪ್ರವೇಶ ಪರೀಕ್ಷೆ ನೀಟ್‌ನ ಫಲಿತಾಂಶ ಬಂತು.

ನೀಟ್ ಲೆಕ್ಕ ಇಷ್ಟೇ. ಉತ್ತರಿಸಬೇಕಾದದ್ದು 180 ಪ್ರಶ್ನೆ, 720 ಅಂಕ. ಸರಿ ಉತ್ತರಕ್ಕೆ 4, ತಪ್ಪಿದರೆ 1 ಕಡಿತ. ಎಲ್ಲವೂ ಸರಿಯಾದರೆ 720. ಒಂದು ಬಿಟ್ಟರೆ 716. ಒಂದು ತಪ್ಪಾದರೆ 715. 717, 718, 719ಕ್ಕೆ ದಾರಿಯೇ ಇಲ್ಲ. ಆದರೆ ಪಟ್ಟಿಯಲ್ಲಿ 718 ಇತ್ತು, 719 ಕೂಡ ಇತ್ತು. ಸಂಭವನೀಯತೆ ಸೊನ್ನೆ, ರ‍್ಯಾಂಕ್ ಮಾತ್ರ ಭರ್ಜರಿ!

ಕೆಲವು ಕೇಂದ್ರಗಳಲ್ಲಿ ಪರೀಕ್ಷೆಯ ಸಮಯ ಹಾಳಾಗಿತ್ತಂತೆ. ಅದಕ್ಕೆ 1563 ಜನರಿಗೆ ಗ್ರೇಸ್ ಅಂಕ ಕೊಟ್ಟೆವು ಅಂತ ಪರೀಕ್ಷೆ ನಡೆಸುವ ಸಂಸ್ಥೆ ಎನ್‌ಟಿಎ ಹೇಳಿತು. ಹೋದ ನಿಮಿಷಕ್ಕೆ ಅಂಕ! ಆ ಲೆಕ್ಕದಲ್ಲಿ ಕರೆಂಟ್ ಹೋದ ಸಂಜೆಗಳಿಗೆಲ್ಲ ನಮ್ಮ ಹಳ್ಳಿ ಮಕ್ಕಳಿಗೆ ಎಷ್ಟು ಬಾಕಿ ಬರಬೇಕೋ.

ಒಟ್ಟು 67 ಜನರಿಗೆ 720 ಬಂದಿತ್ತು. ಅವರಲ್ಲಿ 6 ಜನ ಹರಿಯಾಣದ ಝಜ್ಜರ್‌ನ ಒಂದೇ ಕೇಂದ್ರದವರು. ಹಿಂದಿನ ವರ್ಷ 20 ಲಕ್ಷ ಜನ ಬರೆದು 720 ಪಡೆದವರು ಇಬ್ಬರೇ. ಅಂದರೆ ಹತ್ತು ಲಕ್ಷಕ್ಕೆ ಒಬ್ಬರು. ಅದನ್ನೇ ಆರು ಸಲ ಗುಣಿಸಿದರೆ ಛೇದದಲ್ಲಿ 1ರ ಮುಂದೆ 36 ಸೊನ್ನೆ. ಈ ಸಲ ಪತ್ರಿಕೆ ಸುಲಭ ಇತ್ತು ಅಂತ ಒಂದಷ್ಟು ಸೊನ್ನೆ ಬಿಟ್ಟುಕೊಡೋಣ. ಆದರೂ 20 ಉಳಿಯುತ್ತವೆ. ಆದರೆ ಹೀಗೆ ಗುಣಿಸಲು ಒಂದು ಷರತ್ತಿದೆ ಅಲ್ವಾ? ಘಟನೆಗಳು ಸ್ವತಂತ್ರವಾಗಿರಬೇಕು, ಒಂದಕ್ಕೊಂದು ನಂಟಿರಬಾರದು. ಇಷ್ಟು ಸೊನ್ನೆ ಬಂದರೆ ಜಾಣ ವಿದ್ಯಾರ್ಥಿ ಕೈ ಮುಗಿಯುವುದಿಲ್ಲ. ಸ್ವತಂತ್ರ ಅಂದುಕೊಂಡದ್ದೇ ತಪ್ಪು ಅಂತ ಹಾಳೆ ತಿರುಗಿಸುತ್ತಾನೆ. ಆ ಆರೂ ಜನರಿಗೆ ಗ್ರೇಸ್ ಅಂಕ ಸಿಕ್ಕಿತ್ತು.

0.001 ಶೇಕಡಾ ನಿರ್ಲಕ್ಷ್ಯ ಆಗಿದ್ದರೂ ಸುಮ್ನೆ ಬಿಡಬಾರದು ಎಂದಿತು ಸುಪ್ರೀಂ ಕೋರ್ಟ್. ಬರೆದವರು 23 ಲಕ್ಷಕ್ಕೂ ಜಾಸ್ತಿ. ಅದರ 0.001 ಶೇಕಡಾ ಅಂದರೆ 23 ಜನ.

ಆಮೇಲೆ ಬಂತು ಗಂಟೆ. ಐಐಟಿ ಮದ್ರಾಸ್ ವಿಶ್ಲೇಷಣೆ ತೋರಿಸಿ, ಅಂಕಗಳ ಹಂಚಿಕೆಯ ನಕ್ಷೆ ದೇವಸ್ಥಾನದ ಗಂಟೆಯ ಆಕಾರದಲ್ಲಿದೆ (ನಡುವೆ ಎತ್ತರ, ಎರಡೂ ಬದಿ ಇಳಿಜಾರು), ಸಾಮೂಹಿಕ ಅಕ್ರಮದ ಸುಳಿವಿಲ್ಲ ಎಂದಿತು ಕೇಂದ್ರ ಸರ್ಕಾರ. ಪಟ್ನಾ, ಹಜಾರಿಬಾಗ್‌ನಲ್ಲಿ ಪ್ರಶ್ನೆಪತ್ರಿಕೆ ಸೋರಿದ್ದು ನಿಜ, ಸುಮಾರು 155 ಜನರಿಗೆ ಲಾಭ ಆಗಿದೆ ಅಂತ ಕೋರ್ಟೇ ಹೇಳಿತು. ಸರಿ, ಈಗ ಲೆಕ್ಕ ಮಾಡಿ. ಸೋರಿಕೆ ಆಗದಿದ್ದರೂ ಗಂಟೆ ಬರುತ್ತದೆ. 155 ಜನರಿಗೆ ಸೋರಿದ್ದರೂ 23 ಲಕ್ಷದ ನಡುವೆ ಗಂಟೆ ಹಾಗೇ ಇರುತ್ತದೆ. ಹೊಸ ಸಾಕ್ಷಿ ಸಿಕ್ಕಾಗ ಅನುಮಾನ ಎಷ್ಟು ಬದಲಾಗಬೇಕು ಅಂತ ಹೇಳುವ ಬೇಯ್ಸ್ ಪ್ರಮೇಯಕ್ಕೆ ಇದನ್ನು ಹಾಕಿದರೆ ಅಂಶ, ಛೇದ ಎರಡರಲ್ಲೂ ಹೊಡೆದು ಹೋಗುತ್ತದೆ. ಮೊದಲು ಎಷ್ಟು ಅನುಮಾನ ಇತ್ತೋ ಅಷ್ಟೇ ಕೈಯಲ್ಲಿ ಉಳಿಯುತ್ತದೆ. ಈ ಗಂಟೆಯನ್ನೇ ಕ್ಲೀನ್ ಚಿಟ್ ಅಂದುಕೊಳ್ಳುವುದು, ಕೆಆರ್‌ಎಸ್‌ಗೆ ಒಂದು ಚಿಟಿಕೆ ಉಪ್ಪು ಹಾಕಿ, ನೀರು ಕುಡಿದು ನೋಡಿ, ಯಾರೂ ಉಪ್ಪೇ ಹಾಕಿಲ್ಲ ಅಂತ ವರದಿ ಬರೆದ ಹಾಗೆ.

ಸಂಕಲನ ನಿಯಮಕ್ಕೂ ಒಂದು ಉದಾಹರಣೆ ಸಿಕ್ಕಿತು. ಗ್ರೇಸ್ ಅಂಕ ರದ್ದಾಗಿ, ಜೂನ್ 23ರಂದು ಮರುಪರೀಕ್ಷೆ ನಡೆದ ಮೇಲೆ 720 ಪಡೆದವರು 67 ಇದ್ದದ್ದು 61 ಆಯಿತು. ಅದರಲ್ಲಿ 44 ಜನರನ್ನು ಮೇಲೆತ್ತಿದ್ದು ಪರಮಾಣುವಿನ ಬಗ್ಗೆ ಕೇಳಿದ್ದ ಒಂದು ಭೌತಶಾಸ್ತ್ರದ ಪ್ರಶ್ನೆ. ಹಳೇ ಎನ್‌ಸಿಇಆರ್‌ಟಿ ಪುಸ್ತಕದ ಪ್ರಕಾರ ಒಂದು ಉತ್ತರ, ಹೊಸದರ ಪ್ರಕಾರ ಇನ್ನೊಂದು. ಎನ್‌ಟಿಎ ಎರಡಕ್ಕೂ ಅಂಕ ಕೊಟ್ಟಿತ್ತು. ನಾಲ್ಕು ಆಯ್ಕೆಯಲ್ಲಿ ಕಣ್ಣು ಮುಚ್ಚಿ ಒಂದನ್ನು ಆರಿಸಿದರೆ ಸರಿಯಾಗುವ ಸಂಭವನೀಯತೆ 1/4. ಎರಡೂ ಸರಿ ಅಂದರೆ 1/4 ಕೂಡಿಸು 1/4, ಅಂದರೆ ಅರ್ಧ. ಕೋರ್ಟ್ ಕೇಳಿದ್ದಕ್ಕೆ ಐಐಟಿ ದೆಹಲಿ ತಜ್ಞರು ಒಂದೇ ಉತ್ತರ ಸರಿ ಎಂದರು. ಪರಮಾಣು ಮತ್ತೆ 1/4ಕ್ಕೆ ಇಳಿಯಿತು. 4 ಲಕ್ಷಕ್ಕೂ ಜಾಸ್ತಿ ಮಕ್ಕಳಿಗೆ ತಲಾ 5 ಅಂಕ ಖೋತಾ. ಜುಲೈ ಕೊನೆಗೆ ಪೂರ್ತಿ ಅಂಕದವರು 17 ಜನ ಉಳಿದರು.

2025ರಲ್ಲಿ ಮೊದಲ ರ‍್ಯಾಂಕಿನ ಅಂಕ 686. ಅಂದರೆ 720 ಪಡೆದವರು ಸೊನ್ನೆ. 67, 61, 17, 0. ಮುಂದಿನ ಸಂಖ್ಯೆ ಏನು ಅಂತ ದಯವಿಟ್ಟು ಗಣಿತದ ಮೇಷ್ಟ್ರನ್ನು ಕೇಳಬೇಡಿ. ಅದು ಸಂಭವನೀಯತೆ ಅಲ್ಲ, ಶ್ರೇಢಿಗಳ ಅಧ್ಯಾಯಕ್ಕೆ ಬರುತ್ತದೆ.