ಅವ್ವನ ಎರಡು ಚೀಟಿ

ವಿಜಯಪುರದ ಮೇ ತಿಂಗಳ ಬಿಸಿಲು ಎಂಥದ್ದು ಅಂತ ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ಬೆವರು ಹರಿದು, ನೀರು ಕಡಿಮೆ ಕುಡಿದರೆ ಮೂತ್ರ ಗಟ್ಟಿಯಾಗಿ ಹರಳು ಕಟ್ಟುತ್ತದೆ. ಕಳೆದ ಮೇನಲ್ಲಿ ನನ್ನ ಅವ್ವನಿಗೂ ಹಾಗೇ ಆಯಿತು. 4 ಮಿಲಿಮೀಟರಿನ ಹರಳು. ವಯಸ್ಸು 64, ಹನ್ನೆರಡು ವರ್ಷದಿಂದ ಶುಗರ್.

ನೋವಿಗೆ ಒಂದು ಆಸ್ಪತ್ರೆಯಲ್ಲಿ ಡೈಕ್ಲೋಫೆನಾಕ್ ಸೂಜಿ ಹಾಕಿ, ಅದೇ ಗುಳಿಗೆಯನ್ನು ಐದು ದಿನಕ್ಕೆ ಬರೆದುಕೊಟ್ಟರು. ಶುಗರ್ ಇದೆಯಾ ಅಂತ ಕೇಳಿದರಂತೆ. ಅದಕ್ಕೆ ಏನು ತಗೋತೀರಿ ಅಂತ ಕೇಳಲಿಲ್ಲ. ಎರಡು ದಿನ ವಾಂತಿ, ರೊಟ್ಟಿ ಮುಟ್ಟಲಿಲ್ಲ. ಶುಗರ್ ಗುಳಿಗೆ ಮಾತ್ರ ತಪ್ಪಿಸಲಿಲ್ಲ. ಮೂರನೇ ದಿನ ನಸುಕಿನಲ್ಲಿ ಮೈಯೆಲ್ಲ ಬೆವೆತು ನಾಲಿಗೆ ತೊದಲಿತು. ನುಂಗಲು ಬರುತ್ತಿತ್ತು, ಪುಣ್ಯ. ತಂಗಿ ಬೆಲ್ಲದ ನೀರು ಕುಡಿಸಿದಳು. ಫೋನಿನಲ್ಲಿ ಅವ್ವ, "ಏನೂ ಆಗಿಲ್ಲಪಾ, ಬಿಸಲಿಗೆ ಹಂಗಾಗ್ಯದ" ಅಂದಳು.

ಬಿಸಿಲಿಗಲ್ಲ. ತಂಗಿ ಗುಳಿಗೆ ಪಟ್ಟಿಯನ್ನು ವಿಡಿಯೋದಲ್ಲಿ ತೋರಿಸಿದಳು. ಅಂಗಡಿಯವರು ಕತ್ತರಿಸಿ ಕೊಟ್ಟ ತುಂಡು, ಅರ್ಧ ಹೆಸರು ಉಳಿದಿತ್ತು. ಹಳೆ ಬಿಲ್ ಹುಡುಕಿಸಿದೆ. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ಪಯೋಗ್ಲಿಟಜೋನ್, ಮೂರೂ ಶುಗರ್ ಔಷಧಿ ಒಂದೇ ಗುಳಿಗೆಯಲ್ಲಿ! ಊಟ ಬಿಟ್ಟವರಿಗೆ ಗ್ಲಿಮೆಪಿರೈಡ್ ಶುಗರ್ ಇಳಿಸಿಬಿಡುತ್ತದೆ. ಪಯೋಗ್ಲಿಟಜೋನ್ ಮಾರಾಟವನ್ನು ಮೂತ್ರಚೀಲದ ಕ್ಯಾನ್ಸರ್ ಭಯಕ್ಕೆ 2013ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಲ್ಲಿಸಿ, ಜುಲೈ ಕೊನೆಗೆ ಎಚ್ಚರಿಕೆ ಅಚ್ಚು ಹಾಕಬೇಕು ಅಂತ ಷರತ್ತು ಹಾಕಿ ಮತ್ತೆ ಬಿಟ್ಟಿತು. ಕತ್ತರಿಸಿದ ತುಂಡಿನಲ್ಲಿ ಆ ಎಚ್ಚರಿಕೆ ಅವ್ವನ ಕೈಗೆ ಹೇಗೆ ಬರಬೇಕು?

ನಾನು ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇನೆ, ನನಗೂ ಶುಗರ್ ಇದೆ. ನನ್ನ ಗುಳಿಗೆಗಳು ಬೇರೆಬೇರೆ. ವಾಂತಿ ಭೇದಿ ಆದರೆ ಮೆಟ್‌ಫಾರ್ಮಿನ್ ನಿಲ್ಲಿಸು, ಸರಿಯಾಗಿ ಉಂಡು ಕುಡಿಯಲು ಶುರುವಾಗಿ ಒಂದೆರಡು ದಿನದ ಮೇಲೆ ಮತ್ತೆ ತಗೋ ಅಂತ ಮೊದಲೇ ಹೇಳಿದ್ದಾರೆ. ಡೈಕ್ಲೋಫೆನಾಕ್ ಗುಳಿಗೆ 2015ರಿಂದ ಇಲ್ಲಿ ಚೀಟಿ ಇಲ್ಲದೆ ಸಿಗಲ್ಲ. ವರ್ಷಕ್ಕೊಮ್ಮೆ ಕಿಡ್ನಿ ಎಷ್ಟು ಸೋಸುತ್ತದೆ ಅಂತ ಲೆಕ್ಕ ಹಾಕಿ ಕೊಡುತ್ತಾರೆ.

ಆ ಲೆಕ್ಕವೇ ನಮ್ಮೂರಿಗೆ ಬೇಕಾಗಿರುವುದು. ಅವ್ವನ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ (ಕಿಡ್ನಿ ರಕ್ತದಿಂದ ಸೋಸಿ ಹೊರಹಾಕಬೇಕಾದ ಕಸ) 1.2 ಅಂತಷ್ಟೇ ಇತ್ತು. 25ರ ಹುಡುಗನಿಗೆ 1.2 ಅಂದರೆ ಕಿಡ್ನಿ ಚೆನ್ನಾಗಿದೆ. 64ರ ಹೆಂಗಸಿಗೆ ಅದೇ 1.2 ಅಂದರೆ ಸೋಸುವ ಲೆಕ್ಕ ನಿಮಿಷಕ್ಕೆ 50 ಮಿಲಿಲೀಟರಿನ ಆಸುಪಾಸು. ಅದು 45ಕ್ಕಿಂತ ಕೆಳಗಾದರೆ ಮೆಟ್‌ಫಾರ್ಮಿನ್ ಪ್ರಮಾಣ ಮತ್ತೆ ನೋಡಬೇಕು, 30ಕ್ಕಿಂತ ಕೆಳಗಾದರೆ ಕೊಡಲೇಬಾರದು. ಅಂಥ ಕಿಡ್ನಿಯ ಮೇಲೆ, ಮೈಯಲ್ಲಿ ನೀರಿಲ್ಲದಾಗ, ಕಿಡ್ನಿಗೆ ಪೆಟ್ಟು ಕೊಡಬಲ್ಲ ಡೈಕ್ಲೋಫೆನಾಕ್ ಬೇರೆ.

ಊರನ್ನು ಬರೀ ದೂರಲು ನನಗೆ ಮನಸ್ಸಿಲ್ಲ. ಅವ್ವನಿಗೆ ಅವತ್ತೇ ಸ್ಕ್ಯಾನ್ ಆಯಿತು. ಇಲ್ಲಿ ನನ್ನ ಗೆಳೆಯ ಹರಳು ಒಡೆಸಿಕೊಳ್ಳಲು ತಿಂಗಳುಗಟ್ಟಲೆ ಸರದಿ ಕಾದ, ನೋವು ನುಂಗಿಕೊಂಡು. ಹುರಳಿ ಸಾರು, ಬಾಳೆದಿಂಡಿನ ರಸ ಅಂತ ಅಕ್ಕಪಕ್ಕದವರು ಅಕ್ಕರೆಯಿಂದ ತಂದುಕೊಟ್ಟಿದ್ದನ್ನೂ ನಾನು ಬೈಯಲ್ಲ. 5 ಮಿಲಿಮೀಟರಿಗಿಂತ ಸಣ್ಣ ಹರಳು ಬಹಳಷ್ಟು ಸಲ ತಾನಾಗೇ ಹೋಗುತ್ತದೆ. ಅವ್ವನದೂ ಹೋಯಿತು.

ಆಮೇಲೆ ತಂಗಿ ಹರಳಿನ ಚೀಟಿ, ಶುಗರ್ ಚೀಟಿ ಎರಡನ್ನೂ ಒಟ್ಟಿಗೆ ಒಯ್ದು ಶುಗರ್ ಡಾಕ್ಟರ ಮೇಜಿನ ಮೇಲಿಟ್ಟಳು. ಅವರು ಎರಡು ನಿಮಿಷ ಓದಿ, ಮೂರರ ಗುಳಿಗೆ ತೆಗೆದು ಬೇರೆ ಬರೆದುಕೊಟ್ಟರು. ಈಗ ಎರಡೂ ಚೀಟಿ ಒಂದೇ ಕವರಿನಲ್ಲಿವೆ. ಅಂಗಡಿಯವರು ಪಟ್ಟಿ ಕತ್ತರಿಸಲು ಹೋದರೆ ಅವ್ವ, "ಹೆಸರಿದ್ದ ಕಡೀದ್ ನನಗ ಕೊಡ್ರಿ" ಅಂತಾಳೆ.