ಬೆನ್ನಿನ ‘ಟಕ್’ ಸದ್ದನ್ನೇ ನಂಬಿ ಅಂಗಳಕ್ಕೆ ಇಳಿಯಬೇಡಿ

ನನ್ನ ಜೊತೆ ಬ್ಯಾಡ್ಮಿಂಟನ್ ಆಡುವ ಹುಡುಗನೊಬ್ಬ ಮೊನ್ನೆ ಕೇಳಿದ. “ಸರ್, ಟೂರ್ನಮೆಂಟ್‌ಗೆ ಮುಂಚೆ ಕೈರೋಪ್ರ್ಯಾಕ್ಟರ್ ಹತ್ರ ಬೆನ್ನು ಸೆಟ್ ಮಾಡಿಸ್ಕೊಂಡ್ರೆ ಗಾಯಾನೇ ಆಗಲ್ವಂತೆ, ನಿಜಾನಾ?” ಕೈರೋಪ್ರ್ಯಾಕ್ಟರ್ ಅಂದರೆ ಬೆನ್ನುಮೂಳೆ, ಕೀಲುಗಳನ್ನು ಕೈಯಿಂದ ಒತ್ತಿ ಚಿಕಿತ್ಸೆ ಕೊಡುವವರು. ಹೌದು, ಇಲ್ಲ ಅಂತ ಒಂದೇ ಮಾತಲ್ಲಿ ಮುಗಿಸೋಕೆ ಆಗಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನೂ ಹೋಗಿದ್ದವನೇ. ಮೂರು ವರ್ಷದ ಹಿಂದೆ ಸೊಂಟ ಹಿಡಿದುಕೊಂಡು, ಬಿದ್ದ ಶಟಲ್ ಎತ್ತಿಕೊಳ್ಳುವುದೂ ಕಷ್ಟವಾಗಿತ್ತು. ಅವರು ಮೊದಲು ನಾನು ನಡೆಯುವುದು, ಬಗ್ಗುವುದು, ಒಂಟಿ ಕಾಲಲ್ಲಿ ನಿಲ್ಲುವುದು ಎಲ್ಲವನ್ನೂ ನೋಡಿದರು. ಆಮೇಲೆ ಒತ್ತಿದರು. ಟಕ್ ಅಂತು. ಮೈ ಹಗುರಾಯಿತು, ಸುಳ್ಳು ಹೇಳಲ್ಲ.

ಆ ಸದ್ದು, ಜಾರಿದ ಮೂಳೆ ಜಾಗಕ್ಕೆ ಕೂತದ್ದು ಅಂತ ತುಂಬಾ ಜನ ನಂಬಿದ್ದಾರೆ. ಅಲ್ಲ. ಬೆರಳಿನ ನಟಿಕೆ ಮುರಿದಾಗ ಬರುವಂಥದ್ದೇ ಸದ್ದು ಅದು. ಕೀಲಿನ ದ್ರವದಲ್ಲಿ ಒತ್ತಡ ತಟ್ಟನೆ ಇಳಿದಾಗ ಆಗುವ ಗಾಳಿಗುಳ್ಳೆಯ ಆಟ. 1895ರಲ್ಲಿ ಅಮೆರಿಕದಲ್ಲಿ ಡೇನಿಯಲ್ ಡೇವಿಡ್ ಪಾಮರ್ ಈ ಚಿಕಿತ್ಸೆ ಶುರು ಮಾಡಿದಾಗ, ಬಹುತೇಕ ಕಾಯಿಲೆಗಳಿಗೆ ಜಾಗ ತಪ್ಪಿದ ಬೆನ್ನುಮೂಳೆಯೇ ಕಾರಣ ಎಂದಿದ್ದರು. ಆ ಮಾತು ನಿಜ ಅಂತ ಸಾಬೀತಾಗಲಿಲ್ಲ. ಆದರೆ ಸೊಂಟನೋವಿಗೆ ಇದರಿಂದ ಸ್ವಲ್ಪ ಮಟ್ಟಿಗೆ ಆರಾಮ ಸಿಗುತ್ತದೆ ಅನ್ನುವುದು ನಿಜ. 2017ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಎಂಬ ವೈದ್ಯರ ಸಂಘ, ಮಾತ್ರೆಗೆ ಹೋಗುವ ಮುಂಚೆ ನೋಡಬಹುದಾದ ದಾರಿಗಳಲ್ಲಿ ಇದನ್ನೂ ಸೇರಿಸಿತು.

ಆದರೆ ಇರುವ ನೋವು ಇಳಿಸುವುದು ಒಂದು, ಗಾಯ ಆಗದಂತೆ ತಡೆಯುವುದು ಇನ್ನೊಂದು, ಅಲ್ವಾ? ಆಸ್ಟ್ರೇಲಿಯಾದ ಫುಟ್‌ಬಾಲ್ ಆಟಗಾರರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಚಿಕಿತ್ಸೆ ಪಡೆದವರಲ್ಲಿ ಕಾಲಿನ ಸ್ನಾಯು ಎಳೆದುಕೊಂಡು ಆಗುವ ಗಾಯ ಕಡಿಮೆ ಕಂಡಿತು. ಖುಷಿಯ ವಿಷಯವೇ. ಆದರೆ ಅದರಲ್ಲಿದ್ದವರು ಸುಮಾರು 60 ಜನ ಅಷ್ಟೇ. ಅದನ್ನೇ ನೆಚ್ಚಿಕೊಂಡು ಇಡೀ ಸೀಸನ್ ಆಡುವ ಧೈರ್ಯ ನನಗಂತೂ ಇಲ್ಲ.

ನಾನು ನೆಚ್ಚಿಕೊಂಡಿರುವುದು ಬೇರೆ. ನಾರ್ಡಿಕ್ ಹ್ಯಾಮ್‌ಸ್ಟ್ರಿಂಗ್ ಅಂತ ಒಂದು ವ್ಯಾಯಾಮ. ಹ್ಯಾಮ್‌ಸ್ಟ್ರಿಂಗ್ ಅಂದರೆ ತೊಡೆಯ ಹಿಂಭಾಗದ ಸ್ನಾಯುಗಳು. ಮಂಡಿಯೂರಿ ನೆಟ್ಟಗೆ ನಿಲ್ಲಬೇಕು, ಹಿಂದಿನಿಂದ ಒಬ್ಬರು ಹಿಮ್ಮಡಿ ಗಟ್ಟಿಯಾಗಿ ಹಿಡಿಯಬೇಕು. ಮೈ ನೆಟ್ಟಗಿಟ್ಟು ನಿಧಾನಕ್ಕೆ ಮುಂದಕ್ಕೆ ಬಾಗಬೇಕು. ಮೊದಲ ದಿನ ಅರ್ಧ ದಾರಿಗೇ ಧೊಪ್ ಅಂತ ಬೀಳುತ್ತೇವೆ. ತೊಡೆಯ ಹಿಂಭಾಗ ಎರಡು ದಿನ ನೋಯುತ್ತದೆ. ಆದರೆ ಬಿಡದೆ ಮಾಡಿದ ತಂಡಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯಗಳು ಹತ್ತಿರಹತ್ತಿರ ಅರ್ಧಕ್ಕೆ ಇಳಿದಿವೆ. ಒಂದಲ್ಲ, ಹಲವು ಅಧ್ಯಯನ ಸೇರಿಸಿ ನೋಡಿದ ಲೆಕ್ಕ ಇದು. ಫುಟ್‌ಬಾಲ್‌ನವರ ಫಿಫಾ 11+ ವಾರ್ಮ್ ಅಪ್ ಕೂಡ ಹಾಗೆಯೇ. ಓಟ, ಬಲ, ಜಿಗಿದು ಸರಿಯಾಗಿ ಇಳಿಯುವುದು, ಎಲ್ಲ ಸೇರಿ 20 ನಿಮಿಷ. ಆ 20 ನಿಮಿಷವನ್ನೇ ನಾವು ಮೊದಲು ಕತ್ತರಿಸುವುದು! ನೋಡಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ.

ಉಸೇನ್ ಬೋಲ್ಟ್ ಬೆನ್ನುಮೂಳೆ ಹುಟ್ಟಿನಿಂದಲೇ ವಕ್ರ. ಅದನ್ನು ಯಾರೂ ಒತ್ತಿ ನೆಟ್ಟಗೆ ಮಾಡಲಿಲ್ಲ. ಚಿಕಿತ್ಸೆಯ ಜೊತೆಗೆ ಬೆನ್ನು, ಹೊಟ್ಟೆಯ ಸ್ನಾಯುಗಳನ್ನು ಗಟ್ಟಿ ಮಾಡಿಕೊಂಡರು. ಅದೇ ಬೆನ್ನಿನಲ್ಲಿ 2009ರಲ್ಲಿ 9.58 ಸೆಕೆಂಡಿಗೆ 100 ಮೀಟರ್ ಓಡಿದರು.

ನಿದ್ದೆಯನ್ನೂ, ಆಟ ಒಮ್ಮೆಲೇ ಜಾಸ್ತಿ ಮಾಡಬಾರದು ಅನ್ನುವುದನ್ನೂ ಬೇರೆ ಹೇಳಬೇಕಿಲ್ಲ, ನಿಮಗೇ ಗೊತ್ತು.

ಕತ್ತಿನ ವಿಷಯ ಮಾತ್ರ ಹೇಳಲೇಬೇಕು. ಕತ್ತನ್ನು ಜೋರಾಗಿ ತಿರುಗಿಸಿದಾಗ ಮಿದುಳಿಗೆ ಹೋಗುವ ರಕ್ತನಾಳ ಸೀಳಿ ಪಾರ್ಶ್ವವಾಯು ಆದ ಉದಾಹರಣೆಗಳಿವೆ. ಅಪರೂಪ, ಆದರೆ ಆದವರಿಗೆ ಜೀವನವೇ ಬದಲಾಗುತ್ತದೆ. ವಿಡಿಯೋ ನೋಡಿ ಗೆಳೆಯರ ಕತ್ತು ತಿರುಚುವವರನ್ನು ಕಣ್ಣಾರೆ ಕಂಡಿದ್ದೇನೆ. ದಯವಿಟ್ಟು ಬೇಡ. ಕಾಲು ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ಬೆನ್ನು ಒತ್ತಿಸಿಕೊಳ್ಳಲು ಹೋಗಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಒಳ್ಳೆಯ ಕೈರೋಪ್ರ್ಯಾಕ್ಟರ್ ಸಿಕ್ಕರೆ ಖಂಡಿತ ಹೋಗಿ. ನನಗೆ ಸಿಕ್ಕವರು ಮೂರನೇ ಭೇಟಿಯಲ್ಲೇ ನಾಲ್ಕು ವ್ಯಾಯಾಮ ಕಲಿಸಿ, “ಇನ್ನು ಬರೋದು ಬೇಡ, ಇದನ್ನ ಬಿಡಬೇಡಿ” ಅಂದರು. ಇವತ್ತಿಗೂ ಬಿಟ್ಟಿಲ್ಲ.

ಆ ಹುಡುಗನಿಗೆ ಹೇಳಿದ್ದು ಇಷ್ಟೇ: “ನಾಳೆ ಅರ್ಧ ಗಂಟೆ ಮುಂಚೆ ಬಾರೋ, ನಿನ್ನ ಹಿಮ್ಮಡಿ ನಾನು ಹಿಡ್ಕೋತೀನಿ.”